ಪದರದಲ್ಲಿ ದೋಷ ಇದ್ದರೆ ಕರೆಂಟ್ ನಿಲ್ಲುತ್ತಾ? ನಮ್ಮ ಫಿಸಿಕ್ಸ್ ಬ್ಯಾಚ್ ಗುಂಪಿನ ಜಗಳ

ನಾಗರಾಜ: (ಫಾರ್ವರ್ಡ್) "ಕ್ವಾಂಟಮ್ ಚಿಪ್‌ನಲ್ಲಿ ಒಂದೇ ಒಂದು ಪರಮಾಣು ಜಾಗ ತಪ್ಪಿದರೂ ಕರೆಂಟ್ ಬಂದ್! ಎಲ್ಲರಿಗೂ ಹಂಚಿ 🙏"

ಸುಮಾ: ನಾಗರಾಜ್, ಓದಿ ಹಾಕಿದ್ರಾ, ಸುಮ್ನೆ ಹಾಕಿದ್ರಾ? ಟನಲ್ ಜಂಕ್ಷನ್‌ನಲ್ಲಿ, ಅಂದರೆ ಕರೆಂಟ್ ಬಿಡದ ತೆಳು ಪದರವನ್ನೂ ಎಲೆಕ್ಟ್ರಾನ್ ತೂರಿ ದಾಟುವ ಜೋಡಣೆಯಲ್ಲಿ, ಬಹಳ ಸಲ ಆಗೋದು ಉಲ್ಟಾ.

ನಾಗರಾಜ: ಭೌತವಿಜ್ಞಾನಿ ಆಂಡರ್ಸನ್ 1958ರಲ್ಲೇ ಹೇಳಿದ್ದಾರೆ ಮೇಡಂ. ಪರಮಾಣುಗಳ ಜೋಡಣೆ ಅಡ್ಡಾದಿಡ್ಡಿ ಜಾಸ್ತಿಯಾದರೆ ಎಲೆಕ್ಟ್ರಾನ್ ಒಂದೇ ಕಡೆ ಸಿಕ್ಕಿಹಾಕಿಕೊಳ್ಳುತ್ತದೆ. 1977ರಲ್ಲಿ ನೊಬೆಲ್ ಕೂಡ ಬಂತು.

ಸುಮಾ: ಅದು ಕರೆಂಟ್ ಹರಿಯುವ ವಸ್ತುವಿನ ಮಾತು. ಇಲ್ಲಿ ಎರಡು ಲೋಹಗಳ ನಡುವೆ ಇರುವುದೇ ಇನ್ಸುಲೇಟರ್, ಒಂದೆರಡು ನ್ಯಾನೋಮೀಟರ್ ದಪ್ಪ. ಅದರಲ್ಲಿ ಒಂದು ಆಕ್ಸಿಜನ್ ಇರಬೇಕಾದ ಜಾಗ ಖಾಲಿಯಿದ್ದರೆ, ಹೊಳೆ ದಾಟುವವನಿಗೆ ನಡುವೆ ಕಲ್ಲು ಸಿಕ್ಕಂತೆ. ಎಲೆಕ್ಟ್ರಾನ್ ಅಲ್ಲಿ ಕಾಲಿಟ್ಟು ದಾಟುತ್ತದೆ. ಪದರ ಎಲ್ಲಾದರೂ ತೆಳುವಾಗಿದ್ದರೂ ಅಷ್ಟೇ. ದಪ್ಪ ಚೂರು ಇಳಿದರೆ ಕರೆಂಟ್ ಪಟ್ಟು ಪಟ್ಟು ಏರುತ್ತದೆ, ಬಹುಪಾಲು ಅಲ್ಲೇ ನುಗ್ಗುತ್ತದೆ.

ಪ್ರಕಾಶ: ಜಾಸ್ತಿ ಹರಿದರೆ ಒಳ್ಳೆಯದೇ ಅಲ್ವಾ? ಜಗಳ ಯಾಕೆ 😀

ಸುಮಾ: ಎಷ್ಟು ಹರಿಯಿತು ಅನ್ನೋದಷ್ಟೇ ಲೆಕ್ಕ ಅಲ್ಲ ಪ್ರಕಾಶ್. ಎರಡೂ ಕಡೆ ಕಾಂತೀಯ ಲೋಹ ಇರುವ ಜಂಕ್ಷನ್ ನೋಡಿ. ಎರಡರ ಕಾಂತ ಒಂದೇ ದಿಕ್ಕಿಗಿದ್ದಾಗ ರೆಸಿಸ್ಟೆನ್ಸ್ ಕಡಿಮೆ, ಎದುರುಬದುರಾದಾಗ ಜಾಸ್ತಿ. ಬೇಕಾಗಿರೋದು ಈ ವ್ಯತ್ಯಾಸ. ದೋಷದ ದಾರಿ ಹಿಡಿದ ಎಲೆಕ್ಟ್ರಾನ್ ತನ್ನ ಸ್ಪಿನ್ ದಿಕ್ಕು (ಪ್ರತಿ ಎಲೆಕ್ಟ್ರಾನ್‌ಗೂ ಇರುವ ಪುಟ್ಟ ಕಾಂತದಂಥ ಗುಣ) ಕಳೆದುಕೊಳ್ಳಬಹುದು. ಆಗ ಕರೆಂಟ್ ಇರುತ್ತದೆ, ವ್ಯತ್ಯಾಸ ಕರಗಿರುತ್ತದೆ.

ಮದರಾಸ್ ಐಐಟಿಯಲ್ಲಿ ಪಿಎಚ್‌ಡಿ ಮಾಡಿದ ಜಗದೀಶ್ ಮೂಡೇರ ಅವರ ತಂಡ 1995ರಲ್ಲಿ ಎಂಐಟಿಯಲ್ಲಿ ಮಾಮೂಲಿ ಕೋಣೆಯ ತಾಪದಲ್ಲೇ ಶೇ. 11.8 ವ್ಯತ್ಯಾಸ ತೋರಿಸಿತು. ಅವರ ಪದರ ಅಲ್ಯುಮಿನಿಯಂ ಆಕ್ಸೈಡ್. ಪರಮಾಣುಗಳಿಗೆ ಸಾಲು ಅನ್ನೋದೇ ಇಲ್ಲ! ಆದರೂ ಕೆಲಸ ಮಾಡಿತು. 2004ರಲ್ಲಿ ಸಾಲಾಗಿ ಕೂತ ಮೆಗ್ನೀಷಿಯಂ ಆಕ್ಸೈಡ್ ಬಂತು, ವ್ಯತ್ಯಾಸ ಶೇ. 200ರ ಆಸುಪಾಸಿಗೆ ಹಾರಿತು.

ನಾಗರಾಜ: ಅಲ್ಲಿಗೆ ಶಿಸ್ತೇ ಗೆದ್ದಿತು. ನನ್ನ ಫಾರ್ವರ್ಡ್ ಹೇಳೋದೂ ಅದನ್ನೇ.

ಸುಮಾ: ಫಾರ್ವರ್ಡ್ ಹೇಳಿದ್ದು ಕರೆಂಟ್ ಬಂದ್ ಅಂತ. ಮಾತು ತಿರುಗಿಸಬೇಡಿ.

ಪ್ರಕಾಶ: ಇನ್ನೊಂದು ಇದೆ. ಈಗ ಎಂರಾಮ್ ಮೆಮೊರಿಯಲ್ಲಿ (ಇಂಥ ಜಂಕ್ಷನ್‌ಗಳಲ್ಲೇ ಮಾಹಿತಿ ಉಳಿಸುವ ಚಿಪ್) ಬಳಸುವ ಕೋಬಾಲ್ಟ್-ಕಬ್ಬಿಣ-ಬೋರಾನ್ ಲೋಹವನ್ನು ಮೊದಲು ಅಡ್ಡಾದಿಡ್ಡಿಯಾಗೇ ಕೂರಿಸುತ್ತಾರೆ. ಮೇಲ್ಮೈ ನುಣ್ಣಗಿರುತ್ತದೆ, ಆಕ್ಸೈಡ್ ಅದರ ಮೇಲೆ ಚೆನ್ನಾಗಿ ಬೆಳೆಯುತ್ತದೆ. ಆಮೇಲೆ ಕಾಯಿಸಿದರೆ ಬೋರಾನ್ ಜಾಗ ಬಿಡುತ್ತದೆ, ಲೋಹ ಆಕ್ಸೈಡಿನ ಸಾಲು ನೋಡಿಕೊಂಡು ಜೋಡಣೆಯಾಗುತ್ತದೆ.

ನಾಗರಾಜ: ಸರಿ, ಕರೆಂಟ್ ನೇರ ದಾಟಿತೋ ದೋಷ ತುಳಿದು ದಾಟಿತೋ ಅಂತ ತಿಳಿಯೋದು ಹೇಗೆ?

ಸುಮಾ: ತಾಪ ಬದಲಾಯಿಸಿ ನೋಡಬೇಕು. ನೇರ ಟನಲಿಂಗ್ ಅಷ್ಟೇನೂ ಬದಲಾಗಲ್ಲ. ದೋಷದಿಂದ ದೋಷಕ್ಕೆ ಜಿಗಿಯುವ ಕರೆಂಟ್ ತಣ್ಣಗೆ ಮಾಡಿದಷ್ಟೂ ಇಳಿಯುತ್ತದೆ. ಈಗ ಆ ಫಾರ್ವರ್ಡ್ ಡಿಲೀಟ್ ಮಾಡ್ತೀರಾ?

ನಾಗರಾಜ: ಇರಲಿ ಬಿಡಿ ಮೇಡಂ. ಅದಿಲ್ಲದಿದ್ದರೆ ಇವತ್ತೂ ಗುಂಪಿನಲ್ಲಿ ಬರೀ ಗುಡ್ ಮಾರ್ನಿಂಗ್ ಇರ್ತಿತ್ತು.