ನಟನೆ ಬಂತು, ಪಾಠ ಮಾಡೋದು ಹೇಗೆ? ರಂಗಶಿಕ್ಷಕರಾಗ ಹೊರಟವರ ಜೊತೆ ಪ್ರಶ್ನೋತ್ತರ

ಎಲ್ಲರಿಗೂ ನಮಸ್ಕಾರ. ಈ ವಾರ ಇಲ್ಲಿ ನಿಮ್ಮ ಪ್ರಶ್ನೆಗಳಿಗೆ ನಾನು ಉತ್ತರ ಕೊಡುತ್ತೇನೆ. ಹೆಗ್ಗೋಡಿನ ನೀನಾಸಂ ರಂಗಶಾಲೆಯಲ್ಲಿ ಒಂದು ವರ್ಷ ಕಲಿತೆ, ಒಂದು ವರ್ಷ ಅವರದೇ ತಿರುಗಾಟಕ್ಕೆ, ಅಂದರೆ ಊರೂರು ಸುತ್ತಿ ನಾಟಕ ಆಡುವ ತಂಡಕ್ಕೆ ಹೋದೆ. ಆಮೇಲೆ 22 ವರ್ಷದಿಂದ ಶಾಲೆಗಳಲ್ಲಿ ನಾಟಕ ಕಲಿಸುತ್ತಿದ್ದೇನೆ. ರಂಗಶಾಲೆ ಮುಗಿಸಿ ಬಂದ ಹುಡುಗ ಹುಡುಗಿಯರನ್ನು ಜೊತೆಗೆ ಕರೆದುಕೊಂಡು ಹೋಗಿ ಕಲಿಸುವ ಕೆಲಸಕ್ಕೆ ತಯಾರು ಮಾಡುವುದೂ ಹತ್ತು ವರ್ಷದಿಂದ ನಡೆದಿದೆ. ಸಂಕೋಚ ಬೇಡ, ಕೇಳಿ.

ಪ್ರಶ್ನೆ (ಹಾವೇರಿ ಜಿಲ್ಲೆಯ ಹುಡುಗ, 23 ವರ್ಷ): ಅಕ್ಕಾ, ರಂಗಶಿಕ್ಷಣದ ಡಿಪ್ಲೊಮಾ ಮುಗಿಸಿ ಒಂದು ವರ್ಷ ತಂಡದ ಜೊತೆ ಊರೂರು ತಿರುಗಿದೆ. ಈಗ ಹುಬ್ಬಳ್ಳಿಯ ಒಂದು ಖಾಸಗಿ ಶಾಲೆಯವರು ಸೋಮವಾರದಿಂದ ನಾಟಕದ ಮಾಸ್ತರಾಗಿ ಬಾ ಅಂದಿದ್ದಾರೆ. ಐದರಿಂದ ಎಂಟನೇ ಕ್ಲಾಸು, ಒಂದೊಂದರಲ್ಲಿ 40 ಮಕ್ಕಳು, 40 ನಿಮಿಷದ ಪೀರಿಯಡ್ಡು. ಹಾಲ್ ಇಲ್ಲ, ಡೆಸ್ಕಿನ ನಡುವೆಯೇ ಮಾಡಬೇಕು. ನಟನೆ ನನಗೆ ಬರುತ್ತದೆ. ಕಲಿಸೋದು ಬರುತ್ತದಾ ಅಂತ ಹೆದರಿಕೆ. ಇನ್ನೊಂದು ಭಯ, ಸ್ಕೂಲಿಗೆ ಸೇರಿದರೆ ರಂಗಭೂಮಿ ಕೈಬಿಟ್ಟು ಹೋಗುತ್ತದಾ ಅಂತ.

ಉತ್ತರ: ತಮ್ಮಾ, ನಿಮ್ಮ ಹೆದರಿಕೆ ಸರಿಯಾಗಿಯೇ ಇದೆ. ತಾನು ಮಾಡೋದು ಬೇರೆ, ಇನ್ನೊಬ್ಬರ ಕೈಲಿ ಮಾಡಿಸೋದು ಬೇರೆ. ಒಂದು ಕಂಡದ್ದು ಹೇಳುತ್ತೇನೆ. ಸಾಗರದ ಹತ್ತಿರ ಒಂದು ಹೈಸ್ಕೂಲಿಗೆ ನನ್ನ ಜೊತೆ ಒಬ್ಬ ಹುಡುಗ ಬಂದಿದ್ದ. ಒಳ್ಳೆಯ ನಟ. ಮಕ್ಕಳಿಗೆ ಮುದುಕರ ನಡಿಗೆ ಹೇಳಿಕೊಡು ಅಂದೆ. ಅವನು ಸೊಂಟ ಬಗ್ಗಿಸಿ, ಬಲಗೈ ನಡುಗಿಸಿ ಎಷ್ಟು ಚೆನ್ನಾಗಿ ನಡೆದ ಅಂದರೆ ಮಕ್ಕಳು ಚಪ್ಪಾಳೆ ತಟ್ಟಿದರು. ಆಮೇಲೆ 30 ಮಕ್ಕಳೂ ಎದ್ದು ನಡೆದರು. ಮೂವತ್ತೂ ಒಂದೇ ಮುದುಕ. ಎಲ್ಲರ ಬಲಗೈಯೇ ನಡುಗುತ್ತಿತ್ತು. ಸಂಜೆ ಅವನಿಗೆ ನಾನು ಏನೂ ಹೇಳಲಿಲ್ಲ, ಅವನಿಗೇ ಗೊತ್ತಾಗಿತ್ತು. ಮರುದಿನ ಅವನು ನಡೆದು ತೋರಿಸಲೇ ಇಲ್ಲ. 'ನಿಮ್ಮನೆ ಅಜ್ಜಿ ನೆಲದಿಂದ ಎದ್ದೇಳುವಾಗ ಮೊದಲು ಏನು ಹಿಡಿದುಕೊಳ್ಳುತ್ತಾರೆ?' ಅಂತ ಕೇಳಿದ. ಒಬ್ಬಳು ಗೋಡೆ ಹಿಡಿದಳು. ಒಬ್ಬ ತನ್ನ ಮಂಡಿಯನ್ನೇ ಒತ್ತಿ ಎದ್ದ. ಇನ್ನೊಬ್ಬ ಪಕ್ಕದವನ ಹೆಗಲಿಗೆ ಕೈ ಚಾಚಿ, 'ನಮ್ಮಜ್ಜಿ ನನ್ನ ಕರೀತಾರೆ' ಅಂದ. ಆವತ್ತು ಆ ಹುಡುಗ ಮೇಷ್ಟ್ರಾದ.

ಅದಕ್ಕೇ ಮೊದಲ ತಿಂಗಳು ನೀವು ನಟಿಸಿ ತೋರಿಸಬೇಡಿ. ಪ್ರಶ್ನೆ ಕೇಳಿ. ನಿಮಗೆ ಚೆನ್ನಾಗಿ ಬರುವುದನ್ನು ತಡೆದು ಹಿಡಿಯೋದು ಕಷ್ಟ ಅಂತ ಗೊತ್ತು, ಆದರೂ.

40 ನಿಮಿಷ ಅಂದರೆ ಕೈಗೆ ಸಿಗೋದು 30. ಬರೋಕೆ ಐದು, ಸುಮ್ಮನಾಗೋಕೆ ಐದು. ಒಂದು ಪೀರಿಯಡ್ಡಿಗೆ ಒಂದೇ ಕೆಲಸ ಇಟ್ಟುಕೊಳ್ಳಿ. ಡೆಸ್ಕು ಸರಿಸಲು ಹೋದರೆ ಅರ್ಧ ಹೊತ್ತು ಅದರಲ್ಲೇ ಹೋಗುತ್ತದೆ, ಪಕ್ಕದ ಕ್ಲಾಸಿನ ಟೀಚರ್ ಕೂಡ ಬರುತ್ತಾರೆ. ಕೂತಲ್ಲೇ ಮಾಡುವಂಥದ್ದು ಬೇಕಾದಷ್ಟಿದೆ: ಡೆಸ್ಕಿನ ಮೇಲೆ ಬೆರಳಲ್ಲಿ ಮಳೆ ಬರಿಸೋದು, ಮುಖ ಮಾತ್ರ ಬಳಸಿ ಬಸ್ಸಿಗೆ ಕಾಯೋದು, ಒಂದೇ ಮಾತನ್ನು ಐದು ಜನಕ್ಕೆ ಐದು ಥರ ಹೇಳೋದು. ಗಲಾಟೆ ನಿಲ್ಲಿಸಲು ಕೂಗಬೇಡಿ, ಎರಡೇ ತಿಂಗಳಿಗೆ ಗಂಟಲು ಹೋಗುತ್ತದೆ. ಚಪ್ಪಾಳೆಯಲ್ಲಿ ಒಂದು ತಾಳ ಹಾಕಿ, ಅವರು ಅದನ್ನೇ ತಿರುಗಿ ಹಾಕಬೇಕು. ಮೂರನೇ ಸಲಕ್ಕೆ ಕ್ಲಾಸು ನಿಮ್ಮ ಕಡೆ ನೋಡುತ್ತಿರುತ್ತದೆ.

ಎರಡನೇ ಭಯಕ್ಕೆ ಬಿ.ವಿ. ಕಾರಂತರನ್ನು ನೆನೆಸಿಕೊಳ್ಳಿ. ಹುಡುಗನಾಗಿ ಮನೆ ಬಿಟ್ಟು ಗುಬ್ಬಿ ನಾಟಕ ಕಂಪನಿ ಸೇರಿದವರು. ಅವರನ್ನು ಓದಲು ಕಾಶಿಗೆ ಕಳಿಸಿದ್ದು ಆ ಕಂಪನಿಯ ಯಜಮಾನರಾದ ಗುಬ್ಬಿ ವೀರಣ್ಣನವರೇ. ಚೆನ್ನಾಗಿ ಹಾಡುವ ಹುಡುಗನನ್ನು ಕಂಪನಿಯಲ್ಲೇ ಇಟ್ಟುಕೊಳ್ಳಬಹುದಿತ್ತು ಅಲ್ವಾ? ಕಳಿಸಿದರು. ಅಲ್ಲಿಂದ ಮುಂದೆ ಕಾರಂತರು ದಿಲ್ಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ, ಅಂದರೆ ಎನ್‌ಎಸ್‌ಡಿಯಲ್ಲಿ ಕಲಿತರು. ಕಲಿತಾದ ಮೇಲೆ ಅದೇ ದಿಲ್ಲಿಯ ಸರ್ದಾರ್ ಪಟೇಲ್ ವಿದ್ಯಾಲಯದಲ್ಲಿ ಮಕ್ಕಳಿಗೆ ನಾಟಕ ಕಲಿಸುವ ಮೇಷ್ಟ್ರಾಗಿದ್ದರು. ಆಮೇಲೆ 1977ರಲ್ಲಿ ಎನ್‌ಎಸ್‌ಡಿಗೇ ನಿರ್ದೇಶಕರಾದರು. 1989ರಲ್ಲಿ ಮೈಸೂರಿನ ರಂಗಾಯಣ ನಾಟಕ ಸಂಸ್ಥೆ ಶುರುವಾದಾಗ ಅದರ ಮೊದಲ ನಿರ್ದೇಶಕರೂ ಅವರೇ. ಶಾಲೆಯ ಮೇಷ್ಟ್ರ ಕೆಲಸ ಅವರ ರಂಗಭೂಮಿಯನ್ನು ಕಿತ್ತುಕೊಳ್ಳಲಿಲ್ಲ. ಆದರೆ ವರ್ಷಕ್ಕೊಂದು ನಾಟಕದಲ್ಲಾದರೂ ನೀವು ವೇದಿಕೆ ಹತ್ತಲೇಬೇಕು, ಅದನ್ನು ಸೇರುವ ಮೊದಲೇ ಶಾಲೆಯವರಿಗೆ ಹೇಳಿಬಿಡಿ.

ಅದೇ ಹುಡುಗ: ತುಂಬ ಧೈರ್ಯ ಬಂತು ಅಕ್ಕಾ. ಆದರೆ ಇಂಟರ್‌ವ್ಯೂನಲ್ಲಿ ಅವರು ಕೇಳಿದ್ದೆಲ್ಲ ಗ್ಯಾದರಿಂಗ್, ಅಂದರೆ ವಾರ್ಷಿಕೋತ್ಸವದ ಬಗ್ಗೆಯೇ. ಡೈಲಾಗು ಮೊದಲೇ ರೆಕಾರ್ಡ್ ಮಾಡಿ, ಮಕ್ಕಳು ಬಾಯಿ ಆಡಿಸುವ ದೊಡ್ಡ ನಾಟಕ ಬೇಕಂತೆ.

ಉತ್ತರ: ಇದು ಎಲ್ಲ ಕಡೆ ಇದೆ. ಮೊದಲ ವಾರವೇ ಜಗಳಕ್ಕೆ ಹೋಗಬೇಡಿ. ಆಗಸ್ಟ್ ಹೊತ್ತಿಗೆ ಒಂದು ಕ್ಲಾಸಿನವರಿಂದ ಹತ್ತು ನಿಮಿಷದ ನಾಟಕ ಮಾಡಿಸಿ, ಬೆಳಗಿನ ಪ್ರಾರ್ಥನೆ ಆದ ಮೇಲೆ ಅಂಗಳದಲ್ಲೇ. ಮೈಕ್ ಬೇಡ. ಮಕ್ಕಳು ತಾವೇ ಹಾಡಲಿ, ತಮಟೆ ಕಂಜಿರ ತಾವೇ ಬಾರಿಸಲಿ, ಮೇಳದವರು ಅಲ್ಲೇ ಪಕ್ಕದಲ್ಲಿ ಕಾಣುವ ಹಾಗೆ ಕೂರಲಿ. ಒಂದೊಂದು ಮಾತನ್ನು ಆರು ಮಕ್ಕಳು ಒಟ್ಟಿಗೆ ಹೇಳಿದರೆ ದನಿ ಹಿಂದಿನ ಸಾಲಿಗೂ ಹೋಗುತ್ತದೆ. ಹೆಡ್‌ಮಿಸ್ ಒಮ್ಮೆ ಮಕ್ಕಳ ಸ್ವಂತ ದನಿ ಕೇಳಿದರೆ ಮಾತು ಸುಲಭ. ಆಗಲೂ ಒಪ್ಪದಿದ್ದರೆ ಅರ್ಧ ಅವರದ್ದು, ಅರ್ಧ ನಿಮ್ಮದು ಅಂತ ಒಂದು ವರ್ಷ ನಡೆಸಿ. ಎರಡನೇ ವರ್ಷಕ್ಕೆ ನನ್ನ ಶಾಲೆಯಲ್ಲಿ ರೆಕಾರ್ಡಿಂಗ್ ನಿಂತಿತ್ತು.

ಪ್ರಶ್ನೆ (ದಾವಣಗೆರೆಯಲ್ಲಿ ಹವ್ಯಾಸಿ ತಂಡ ನಡೆಸುವವರು): ಮೇಡಂ, ನಮ್ಮ ತಂಡದಲ್ಲಿ ಆರು ಜನ ಚುರುಕು ಹುಡುಗರಿದ್ದಾರೆ. ಬೇಸಿಗೆ ಶಿಬಿರಕ್ಕೆ ಅವರನ್ನೇ ಕಲಿಸಲು ಬಿಡಬೇಕು ಅಂತ ಆಸೆ. ಆದರೆ ಬಿಟ್ಟಾಗೆಲ್ಲ ನನ್ನ ಹಾಗೇ ಮಾತಾಡುತ್ತಾರೆ, ನನ್ನ ಆಟಗಳನ್ನೇ ಆಡಿಸುತ್ತಾರೆ. ನಡುವೆ ಎಡವಿದಾಗ ನಾನೇ ಎದ್ದು ಸರಿ ಮಾಡಬೇಕಾಗುತ್ತದೆ.

ಉತ್ತರ: ಸರ್, ಬೇಜಾರು ಮಾಡಿಕೊಳ್ಳಬೇಡಿ, ನೀವು ಎದ್ದು ಸರಿ ಮಾಡೋದೇ ತೊಂದರೆ. ನಾನೂ ಬಹಳ ವರ್ಷ ಅದನ್ನೇ ಮಾಡಿದೆ. ನಾವು ಎದ್ದ ಕೂಡಲೇ ಮಕ್ಕಳ ಕಣ್ಣು ನಮ್ಮ ಕಡೆ ತಿರುಗುತ್ತದೆ. ಮುಂದೆ ಅವತ್ತಿಡೀ ಆ ಹುಡುಗನ ಮಾತು ಯಾರೂ ಕೇಳುವುದಿಲ್ಲ.

ಈಗ ನಾನು ಮಾಡೋದು ಇಷ್ಟು. ಹೊಸಬರಿಗೆ ಇಡೀ ಕ್ಲಾಸು ಕೊಡುವುದಿಲ್ಲ, ದಿನಕ್ಕೆ ಹತ್ತು ನಿಮಿಷ ಕೊಡುತ್ತೇನೆ. ಆದರೆ ಆ ಹತ್ತು ನಿಮಿಷ ಪೂರ್ತಿ ಅವರದ್ದು. ಏನು ಮಾಡಿಸಬೇಕು ಅಂತ ಅವರೇ ಯೋಚಿಸಬೇಕು, ಹಿಂದಿನ ರಾತ್ರಿ ಅರ್ಧ ಪುಟ ಬರೆದು ತೋರಿಸಬೇಕು. ನಾನು ಹಿಂದೆ ಗೋಡೆಗೆ ಒರಗಿ ನೆಲದ ಮೇಲೆ ಕೂರುತ್ತೇನೆ. ಮಕ್ಕಳು ಗಲಾಟೆ ಮಾಡಿದರೂ, ಆಟ ಕೆಟ್ಟರೂ ಏಳುವುದಿಲ್ಲ. ಯಾರಿಗಾದರೂ ಪೆಟ್ಟಾಗುವ ಹಾಗಿದ್ದರೆ ಮಾತ್ರ ಏಳುತ್ತೇನೆ. ಪುಸ್ತಕದಲ್ಲಿ ಕಂಡದ್ದು ಮಾತ್ರ ಬರೆಯುತ್ತೇನೆ, ಚೆನ್ನಾಗಿತ್ತು ಚೆನ್ನಾಗಿರಲಿಲ್ಲ ಅಂತ ಬರೆಯುವುದಿಲ್ಲ. 'ಕಿಟಕಿ ಹತ್ತಿರದ ಹಸಿರು ಫ್ರಾಕಿನ ಹುಡುಗಿ ಒಂದೂ ಮಾತು ಆಡಲಿಲ್ಲ.' 'ನಿಯಮ ಹೇಳುವುದಕ್ಕೇ ನಾಲ್ಕು ನಿಮಿಷ ಹೋಯಿತು.' 'ನೀನು ಆರು ಸಲ ಬೇಗ ಬೇಗ ಅಂದೆ.' ಸಂಜೆ ಟೀ ಕುಡಿಯುತ್ತಾ ಮೊದಲು ಅವರ ಬಾಯಿಂದ ಕೇಳುತ್ತೇನೆ, ಮಕ್ಕಳು ಎಲ್ಲಿ ನಿನ್ನ ಕೈ ತಪ್ಪಿದರು ಅಂತ. ಆಮೇಲೆ ಪುಸ್ತಕ ಕೊಡುತ್ತೇನೆ. ಬಹಳ ಸಲ ಪುಸ್ತಕ ತೆರೆಯುವ ಅಗತ್ಯವೇ ಬರುವುದಿಲ್ಲ.

ನಿಮ್ಮ ಆಟಗಳನ್ನೇ ಆಡಿಸುತ್ತಾರೆ ಅಂದಿರಲ್ಲ, ಒಂದು ವಾರ ಅವನ್ನು ಬೇಡ ಅನ್ನಿ. ಅವರವರ ಊರಿನ ಆಟ ತರಲಿ. ಕುಂಟೆಬಿಲ್ಲೆ, ಲಗೋರಿ, ಕಣ್ಣಾಮುಚ್ಚಾಲೆ ಯಾವುದಾದರೂ ಸರಿ, ಅದರೊಳಗಿಂದ ಒಂದು ದೃಶ್ಯ ಹುಟ್ಟಿಸಲಿ. ನನ್ನ ಜೊತೆಗಿದ್ದ ಒಬ್ಬ ಹುಡುಗಿ ಲಗೋರಿ ಬಿಲ್ಲೆಗಳನ್ನು ಒಂದು ಮನೆ ಅಂತ ಇಟ್ಟುಕೊಂಡು, ಬಿದ್ದ ಮನೆ ಮತ್ತೆ ಕಟ್ಟುವ ನಾಟಕ ಮಾಡಿಸಿದಳು. ನನಗೆ ಅದು ಯಾವತ್ತೂ ಹೊಳೆದಿರಲಿಲ್ಲ.

ಇನ್ನೊಂದು ಮಾತು. ಕಲಿಸುವವರಾಗಬೇಕಾದರೂ ರಂಗದ ಹಿಂದಿನ ಕೆಲಸ ಪೂರ್ತಿ ಗೊತ್ತಿರಬೇಕು. ನೀನಾಸಂ ರಂಗಶಿಕ್ಷಣ ಕೇಂದ್ರ 1980ರಲ್ಲಿ ಶುರುವಾಯಿತು, ತಿರುಗಾಟ 1985ರಲ್ಲಿ. ತಿರುಗಾಟದಲ್ಲಿ ಸಂಜೆ ರಾಜನಾದವನೇ ರಾತ್ರಿ ಸೆಟ್ ಬಿಚ್ಚಿ ಲಾರಿಗೆ ಹಾಕಬೇಕು, ಮರುದಿನ ಇನ್ನೊಂದು ಊರಲ್ಲಿ ಇಳಿಸಿ ಕಟ್ಟಬೇಕು. ಕರೆಂಟು ಹೋದರೆ ಏನು, ವೇದಿಕೆ ಅಡ್ಡಡ್ಡ ಇದ್ದರೆ ಏನು ಅಂತ ನಾನು ಕಲಿತದ್ದು ಅಲ್ಲಿ. ಅದು ಕ್ಲಾಸಿನಲ್ಲಿ ದಿನಾ ಉಪಯೋಗಕ್ಕೆ ಬರುತ್ತದೆ. ನಿಮ್ಮ ಆರು ಜನರಲ್ಲಿ ಪ್ರತಿ ನಾಟಕಕ್ಕೂ ಒಬ್ಬ ಬೆಳಕು, ಒಬ್ಬ ಪ್ರಸಾಧನ (ಮೇಕಪ್), ಒಬ್ಬ ಪರಿಕರ (ನಾಟಕದಲ್ಲಿ ಬಳಸುವ ಸಾಮಾನು) ಅಂತ ಬದಲಾಯಿಸುತ್ತಾ ಹೋಗಿ.

ಶಿಬಿರದಲ್ಲಿ ಕಲಿಸಿದರೆ ಅವರಿಗೆ ದುಡ್ಡು ಕೊಡಿ. ಕಡಿಮೆಯಾದರೂ ಕೊಡಿ, ಕವರಿನಲ್ಲಿ ಹೆಸರು ಬರೆದು ಕೊಡಿ. ಕಲಿಯುತ್ತಿದ್ದಾನೆ ಅಂತ ಪುಕ್ಕಟೆ ದುಡಿಸಿದ ಹುಡುಗ ಮೂರನೇ ವರ್ಷಕ್ಕೆ ಮೊಬೈಲ್ ಅಂಗಡಿ ಸೇರಿರುತ್ತಾನೆ. ಅಂಥವರನ್ನು ನಾನು ಕಂಡಿದ್ದೇನೆ. ಈಗಲೂ ಸಂಕಟ ಆಗುತ್ತದೆ.

ಪ್ರಶ್ನೆ (ತುಮಕೂರಿನ ಒಬ್ಬ ತಾಯಿ): ನಮ್ಮ ಮಗಳು ಸೆಕೆಂಡ್ ಪಿಯುಸಿ. ನಾಟಕವೇ ಬೇಕು, ಮಕ್ಕಳಿಗೆ ಕಲಿಸಬೇಕು ಅಂತಾಳೆ. ಹೊಟ್ಟೆಪಾಡು ನಡೆಯುತ್ತಾ ಮೇಡಂ? ಎಲ್ಲಿ ಕಲಿಯಬೇಕು?

ಉತ್ತರ: ನಡೆಯುತ್ತದೆ ಅಮ್ಮಾ, ಆದರೆ ಒಂದೇ ಸಂಬಳದಿಂದ ನಡೆಯೋದು ಕಡಿಮೆ. ಏಪ್ರಿಲ್ ಮೇ ಶಿಬಿರ, ಜೂನ್‌ನಿಂದ ಶಾಲೆ, ನವೆಂಬರ್‌ನಿಂದ ವಾರ್ಷಿಕೋತ್ಸವ, ನಡುವೆ ತಂಡದ ಪ್ರದರ್ಶನ, ಹೀಗೆ ವರ್ಷ ಕೂಡಿಕೊಳ್ಳಬೇಕು.

ಮೊದಲು ಡಿಗ್ರಿ ಮುಗಿಸಲಿ. ದಿಲ್ಲಿಯ ಎನ್‌ಎಸ್‌ಡಿಯ ಮೂರು ವರ್ಷದ ಕೋರ್ಸಿಗೆ ಪದವಿ ಬೇಕೇ ಬೇಕು, ನಾಟಕಗಳಲ್ಲಿ ಕೆಲಸ ಮಾಡಿದ ಅನುಭವವನ್ನೂ ಕೇಳುತ್ತಾರೆ. ಹೆಗ್ಗೋಡಿನದು ಒಂದು ವರ್ಷದ್ದು, ಅಲ್ಲೇ ಉಳಿದು ಕಲಿಯಬೇಕು. ಮೈಸೂರಿನ ರಂಗಾಯಣದಲ್ಲಿ, ಚಿತ್ರದುರ್ಗ ಜಿಲ್ಲೆಯ ಸಾಣೇಹಳ್ಳಿಯಲ್ಲಿ ಕೂಡ ರಂಗಶಿಕ್ಷಣ ಇದೆ. ಬೆಂಗಳೂರಿನಲ್ಲಿ ಎನ್‌ಎಸ್‌ಡಿ ಕೇಂದ್ರವೇ ಇದೆ. ಮಕ್ಕಳಿಗೆ ಕಲಿಸುವುದೇ ಗುರಿ ಅಂದಿರಲ್ಲ, ಹಾಗಾದರೆ ತ್ರಿಪುರಾದ ಅಗರ್ತಲದಲ್ಲಿ ಎನ್‌ಎಸ್‌ಡಿ ನಡೆಸುವ ಒಂದು ವರ್ಷದ ಶೈಕ್ಷಣಿಕ ರಂಗಭೂಮಿ ಕೋರ್ಸ್ ನೋಡಿ. ದೂರ ನಿಜ, ಆದರೆ ಅದು ಇದೇ ಕೆಲಸಕ್ಕೆ ಮಾಡಿದ್ದು. ಜೊತೆಗೆ ಬಿ.ಎಡ್. ಇದ್ದರೆ ಶಾಲೆಗಳಲ್ಲಿ ಮಾತಿಗೆ ತೂಕ ಬರುತ್ತದೆ, ಕನ್ನಡ ಅಥವಾ ಇಂಗ್ಲಿಷ್ ಪಾಠದ ಜೊತೆ ನಾಟಕ ಅಂತ ಸೇರಿಕೊಳ್ಳಬಹುದು.

ಎಲ್ಲದಕ್ಕೂ ಬರವಣಿಗೆಯಲ್ಲಿ ಒಪ್ಪಂದ ಬೇಕು. ಒಮ್ಮೆ ಒಂದು ಶಾಲೆಗೆ ಮೂರು ತಿಂಗಳು ತಾಲೀಮು ಮಾಡಿಸಿದೆ. ಕಾರ್ಯಕ್ರಮ ಆದ ಮೇಲೆ ಮ್ಯಾನೇಜ್‌ಮೆಂಟ್ ಬದಲಾಗಿದೆ ಅಂತ ಹೇಳಿ ಅರ್ಧ ಹಣವನ್ನೂ ಕೊಡಲಿಲ್ಲ. ಕಾಗದ ಇರಲಿಲ್ಲ, ಏನೂ ಮಾಡಲಾಗಲಿಲ್ಲ. ಅವತ್ತಿನಿಂದ ಎಷ್ಟು ದಿನ, ದಿನಕ್ಕೆ ಎಷ್ಟು ಗಂಟೆ, ಎಷ್ಟು ಹಣ, ಯಾವಾಗ ಅಂತ ಒಂದು ಪುಟ ಬರೆಸಿಕೊಳ್ಳದೆ ನಾನು ಹೋಗುವುದಿಲ್ಲ.

ಪ್ರಶ್ನೆ (ಧಾರವಾಡದ ರಂಗವಿದ್ಯಾರ್ಥಿನಿ): ಅಕ್ಕಾ, ಮೊನ್ನೆ ಶಿಬಿರದಲ್ಲಿ 'ನಿಮಗೆ ತುಂಬ ದುಃಖ ಆದ ದಿನ ಅಭಿನಯಿಸಿ' ಅಂದೆ. ಒಬ್ಬ ಹುಡುಗಿ ಮನೆಯ ವಿಷಯ ಹೇಳುತ್ತಾ ಅಳಲು ಶುರು ಮಾಡಿದಳು. ಎಲ್ಲರೂ ನೋಡುತ್ತಿದ್ದರು. ನನಗೆ ಕೈಕಾಲು ಆಡಲಿಲ್ಲ.

ಉತ್ತರ: ಕೇಳಿದ್ದು ಒಳ್ಳೆಯದಾಯಿತು. ಆ ಅಭ್ಯಾಸ ಮಕ್ಕಳಿಗೆ ಕೊಡಲೇಬೇಡಿ. ರಂಗಶಾಲೆಯಲ್ಲಿ ನಮಗೆ ಮಾಡಿಸಿರುತ್ತಾರೆ, ನಾವು ದೊಡ್ಡವರು, ಬೇಡ ಅನ್ನಬಹುದು. ಹತ್ತು ವರ್ಷದ ಮಗುವಿಗೆ ಟೀಚರಿಗೆ ಬೇಡ ಅನ್ನಲು ಬರುವುದಿಲ್ಲ. ದುಃಖ ಬೇಕಾದರೆ ಕತೆಯಿಂದ ತನ್ನಿ, ಕರು ಕಳೆದುಕೊಂಡ ಹಸು, ಊರು ಬಿಟ್ಟ ಹುಡುಗ, ಹೀಗೆ. ಆ ಪಾತ್ರದ ಹಿಂದೆ ಮಗು ತನ್ನದನ್ನು ಎಷ್ಟು ಬೇಕೋ ಅಷ್ಟು ಇಟ್ಟುಕೊಳ್ಳುತ್ತದೆ.

ಮಗು ಅತ್ತರೆ ಎಲ್ಲರಿಗೂ ಬೇರೆ ಆಟ ಕೊಟ್ಟು, ಪಕ್ಕ ಕೂತು ನೀರು ಕೊಡಿ. ಕೆದಕಬೇಡಿ. ಯಾರಿಗೂ ಹೇಳಲ್ಲ ಅಂತ ಮಾತು ಕೊಡಬೇಡಿ. ಯಾರಾದರೂ ಮೈಮೇಲೆ ಕೈ ಹಾಕಿದ್ದು, ಲೈಂಗಿಕ ಕಿರುಕುಳ ಅಂತ ಗೊತ್ತಾದರೆ 2012ರ ಪೋಕ್ಸೊ ಕಾಯ್ದೆ ಪ್ರಕಾರ ಅದನ್ನು ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಟ್ಟರೆ ಅದೇ ಅಪರಾಧ. ಹೇಗೆ ಅಂತ ತೋಚದಿದ್ದರೆ 1098ಕ್ಕೆ ಫೋನ್ ಮಾಡಿ, ಮಕ್ಕಳ ಸಹಾಯವಾಣಿ. ಬಾಗಿಲು ತೆರೆದೇ ಇರಲಿ, ಇನ್ನೊಬ್ಬ ದೊಡ್ಡವರು ಜೊತೆಗಿರಲಿ. ಮಗುವಿನ ಭುಜ ಸರಿ ಮಾಡಬೇಕಾದರೂ 'ಮುಟ್ಟಲಾ?' ಅಂತ ಕೇಳಿ. ನನ್ನ ಜೊತೆ ಬರುವ ಹೊಸಬರಿಗೆ ಆಟಗಳಿಗಿಂತ ಮೊದಲು ಹೇಳುವುದು ಇದನ್ನೇ.

ಪ್ರಶ್ನೆ (ಕಲಬುರಗಿಯ ಹುಡುಗ): ನಾನು ಲೈಟಿಂಗ್ ಕಲಿತವನು, ನಟ ಅಲ್ಲ. ನಾನೂ ಮಕ್ಕಳಿಗೆ ಕಲಿಸಬಹುದಾ?

ಉತ್ತರ: ಖಂಡಿತ. ಒಂದು ಟಾರ್ಚು, ಒಂದು ಬಿಳಿ ಪಂಚೆ, ನಾಲ್ಕು ಬಣ್ಣದ ಜೆಲಾಟಿನ್ ಹಾಳೆ ತೆಗೆದುಕೊಂಡು ಹೋಗಿ. ಅದೇ ಮುಖಕ್ಕೆ ಕೆಳಗಿಂದ ಬೆಳಕು ಬಿಟ್ಟು ಆಮೇಲೆ ಮೇಲಿಂದ ಬಿಡಿ. ಏನು ಬದಲಾಯಿತು ಅಂತ ಮಕ್ಕಳನ್ನೇ ಕೇಳಿ. ಮಾತಾಡದ ಮಕ್ಕಳು ಟಾರ್ಚ್ ಹಿಡಿಯಲು ಮುಂದೆ ಬರುತ್ತಾರೆ, ಅವರನ್ನು ಗುರುತಿಟ್ಟುಕೊಳ್ಳಿ.

ಮೊದಲ ಹುಡುಗ: ಅಕ್ಕಾ, ಕೊನೆಯದು. ಸೋಮವಾರ ಮೊದಲ ಪೀರಿಯಡ್ಡು. ಒಳಗೆ ಹೋಗಿ ಏನು ಮಾಡಲಿ?

ಉತ್ತರ: ಹೆಸರು ಕಲಿಯಿರಿ. ಪ್ರತಿ ಮಗು ತನ್ನ ಹೆಸರು ಹೇಳಿ ಒಂದು ಸಣ್ಣ ಕೈಸನ್ನೆ ಮಾಡಲಿ, ಉಳಿದವರೆಲ್ಲ ಅದನ್ನೇ ತಿರುಗಿ ಮಾಡಲಿ. 40 ಮಕ್ಕಳಿಗೆ ಇಡೀ ಪೀರಿಯಡ್ಡು ಹಿಡಿಯುತ್ತದೆ, ಹಿಡಿಯಲಿ. ಸನ್ನೆಯ ಜೊತೆ ಹೆಸರು ಬೇಗ ನೆನಪುಳಿಯುತ್ತದೆ. ಬೆಲ್ ಹೊಡೆಯುವ ಮೊದಲು ನೀವೇ ಒಂದು ಸುತ್ತು ಹೇಳಿ ನೋಡಿ, ತಪ್ಪಿದ್ದನ್ನು ಮಕ್ಕಳು ತಿದ್ದುತ್ತಾರೆ. ರಾತ್ರಿ ಇಲ್ಲೇ ಬರೆಯಿರಿ, ಎಷ್ಟು ಹೆಸರು ನೆನಪಿಗೆ ಬಂತು ಅಂತ. ಕಾಯುತ್ತಿರುತ್ತೇನೆ.