ಸೆಕೆಂಡ್ ಹ್ಯಾಂಡ್ ಕಾರಿನ ಎಂಜಿನ್ ಪದೇ ಪದೇ ಬಿಸಿಯಾಗುತ್ತಿದೆ: ದುರಸ್ತಿ ಮಾಡಿಸಲೇ, ಮಾರಿಬಿಡಲೇ?

ಪ್ರಶ್ನೆ (ಚಿಂತಾಮಣಿಯಿಂದ)

ಎಂಟು ತಿಂಗಳ ಹಿಂದೆ ಡೀಲರ್ ಒಬ್ಬರ ಬಳಿ 2,10,000 ರೂಪಾಯಿ ಕೊಟ್ಟು 2012ರ ಪೆಟ್ರೋಲ್ ಕಾರೊಂದನ್ನು ಕೊಂಡೆ. ತಂದೆಯವರನ್ನು ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗೆಂದು ಕೋಲಾರಕ್ಕೆ ಕರೆದೊಯ್ಯಬೇಕಾಗಿರುವುದರಿಂದ, ಅವರಿಗೆ ಬಸ್ಸಿನ ನೂಕುನುಗ್ಗಲು ತಪ್ಪಲಿ ಎಂಬುದೊಂದೇ ನನ್ನ ಆಸೆಯಾಗಿತ್ತು. ಎರಡನೆಯ ತಿಂಗಳಿನಿಂದಲೇ ಟೆಂಪರೇಚರ್ ಮುಳ್ಳು ಕೆಂಪು ಗೆರೆ ಮುಟ್ಟತೊಡಗಿತು. ಮೆಕ್ಯಾನಿಕ್ ಮೊದಲು ಥರ್ಮೋಸ್ಟಾಟ್ ಬದಲಿಸಿದರು, ಆಮೇಲೆ ರೇಡಿಯೇಟರ್ ಫ್ಯಾನ್, ಕಳೆದ ತಿಂಗಳು ವಾಟರ್ ಪಂಪ್. ಒಟ್ಟು 19,000 ರೂಪಾಯಿ ಖರ್ಚಾಗಿದೆ. ಆದರೂ ಹೋದ ಮಂಗಳವಾರ, ಡಯಾಲಿಸಿಸ್ ಮುಗಿಸಿ ಸುಸ್ತಾಗಿದ್ದ ತಂದೆಯವರನ್ನು ರಸ್ತೆಬದಿಯ ಹುಣಸೆಮರದಡಿ ಕೂರಿಸಿಕೊಂಡು ಒಂದೂವರೆ ಗಂಟೆ ಕಾಯಬೇಕಾಯಿತು. ಆ ಸಂಕಟವನ್ನು ಮರೆಯಲಾಗುತ್ತಿಲ್ಲ. ಪ್ರತಿ ಸಲವೂ ಹತ್ತಿರದ ತೋಟದ ಬೋರ್‌ವೆಲ್ ನೀರು ತುಂಬಿಸಿಕೊಂಡು ಊರು ಸೇರುತ್ತಿದ್ದೇನೆ. ತಿಳಿದವರು ದಾರಿ ಹೇಳಿ.

ಉತ್ತರ (ಮುಳಬಾಗಿಲಿನಿಂದ)

ಬೋರ್‌ವೆಲ್ ನೀರನ್ನು ಇನ್ನು ದಯವಿಟ್ಟು ಹಾಕಬೇಡಿ. ನಮ್ಮ ಕಡೆಯ ಗಡಸು ನೀರು ಗೀಸರಿನ ಕಾಯಿಲ್‌ಗೆ, ನೀರು ಕಾಯಿಸುವ ಪಾತ್ರೆಗೆ ಬಿಳಿ ಪದರ ಕಟ್ಟುವುದನ್ನು ಮನೆಮನೆಯಲ್ಲೂ ನೋಡುತ್ತೇವೆ. ಅದೇ ಪದರ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಕಟ್ಟಿಕೊಂಡರೆ, ಪಂಪು ಎಷ್ಟೇ ಹೊಸದಾಗಿದ್ದರೂ ಎಂಜಿನ್ನಿನ ಬಿಸಿ ಹೊರಹೋಗುವುದಿಲ್ಲ. ಹಿಂದಿನ ಮಾಲೀಕರೂ ಹೀಗೆಯೇ ಮಾಡಿರಬಹುದು.

ಮತ್ತೊಂದು ಬಿಡಿಭಾಗ ಕೊಳ್ಳುವ ಮೊದಲು, ಬೆಳಿಗ್ಗೆ ಎಂಜಿನ್ ಪೂರ್ತಿ ತಣ್ಣಗಿರುವಾಗ ರೇಡಿಯೇಟರ್ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿ. ಕೆಲವು ನಿಮಿಷ ಕಳೆದರೂ ಗುಳ್ಳೆಗಳು ಎಡೆಬಿಡದೆ ಏಳುತ್ತಿದ್ದರೆ, ಅಥವಾ ಆಯಿಲ್ ಹಾಲು ಬೆರೆತ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ, ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕಿಗೂ ಅದರ ಮೇಲೆ ಕೂರುವ ಹೆಡ್ ಎಂಬ ಭಾಗಕ್ಕೂ ನಡುವೆ ಸೋರದಂತೆ ಇಡುವ ಹಾಳೆ) ಹೋಗಿದೆಯೆಂಬ ಅನುಮಾನ ಬಲವಾಗುತ್ತದೆ. ಬಿಸಿಯಿರುವಾಗ ಮಾತ್ರ ಆ ಮುಚ್ಚಳವನ್ನು ಮುಟ್ಟಲೇಬೇಡಿ. ಒತ್ತಡದಲ್ಲಿರುವ ಕುದಿನೀರು ಮುಖಕ್ಕೇ ಚಿಮ್ಮುತ್ತದೆ.

ಉತ್ತರ (ತುಮಕೂರಿನಿಂದ)

ಮೇಲಿನವರ ಮಾತಿಗೆ ಒಂದು ಸೇರಿಸುತ್ತೇನೆ. ಗ್ಯಾಸ್ಕೆಟ್ಟೇ ಹೋಗಿದ್ದರೆ ಅದೊಂದನ್ನೇ ಬದಲಿಸಿ ಸುಮ್ಮನಾಗಬೇಡಿ. ಇಷ್ಟು ಸಲ ಮಿತಿಮೀರಿ ಬಿಸಿಯಾದ ಅಲ್ಯೂಮಿನಿಯಂ ಹೆಡ್ ಸೊಟ್ಟಗಾಗಿರುವ ಸಾಧ್ಯತೆ ಇರುವುದರಿಂದ, ಅದರ ಮಟ್ಟವನ್ನು ಪರೀಕ್ಷಿಸಿ, ಬೇಕಿದ್ದರೆ ಫೇಸಿಂಗ್ (ಯಂತ್ರದಲ್ಲಿ ಉಜ್ಜಿ ಮಟ್ಟ ಮಾಡುವುದು) ಮಾಡಿಸಿಯೇ ಕೂರಿಸಬೇಕು. ನನ್ನ ಕಾರಿಗೆ ಆ ಖರ್ಚು ಉಳಿಸಲು ಹೋಗಿ ಎರಡೇ ತಿಂಗಳಲ್ಲಿ ಮತ್ತೆ ಹೆಡ್ ಇಳಿಸಬೇಕಾಯಿತು. ರೇಡಿಯೇಟರ್ ಶುಚಿ ಮಾಡಿಸಿ, ಕೂಲೆಂಟನ್ನು ಡಿಸ್ಟಿಲ್ಡ್ ವಾಟರ್ ಜೊತೆ ಬೆರೆಸಿ ತುಂಬಿಸಿ.

ಡೀಲರ್ ಕೊಟ್ಟ ಬಿಲ್ಲನ್ನೂ ದುರಸ್ತಿಯ ಬಿಲ್ಲುಗಳನ್ನೂ ಎತ್ತಿಡಿ. ದೋಷವನ್ನು ಮುಚ್ಚಿಟ್ಟು ಮಾರಿದ್ದಕ್ಕೆ ಆಧಾರ ಸಿಕ್ಕರೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು. ಮಾರುವ ವಿಚಾರ ಆಮೇಲಿರಲಿ. ಈ ಸ್ಥಿತಿಯಲ್ಲಿ ಕೊಂಡವರ ಮನೆಯಲ್ಲೂ ಕಾಯಿಲೆಯವರು ಇರಬಹುದು.

ಪ್ರಶ್ನೆ ಕೇಳಿದವರಿಂದ

ಇಂದು ಬೆಳಿಗ್ಗೆ ನೋಡಿದೆ. ಆಯಿಲ್ ಬಣ್ಣ ಸರಿಯಿದೆ, ಆದರೆ ಗುಳ್ಳೆಗಳು ನಿಲ್ಲುತ್ತಲೇ ಇಲ್ಲ. ನಾಳೆ ಹೆಡ್ ಇಳಿಸುತ್ತಾರೆ. ಫೇಸಿಂಗ್‌ಗೆ ಕೊಡುವಾಗ ನಾನೇ ಜೊತೆಯಲ್ಲಿ ಹೋಗುತ್ತೇನೆ. ಶುಕ್ರವಾರದ ಡಯಾಲಿಸಿಸ್‌ಗೆ ಬಾಡಿಗೆ ಕಾರು ಹೇಳಿದ್ದೇನೆ. ಇಬ್ಬರಿಗೂ ಕೃತಜ್ಞತೆಗಳು.