ಇಟಲಿಯ ರೆಡ್ ಬ್ರಿಗೇಡ್ಸ್ ಸೋತದ್ದು ಪೊಲೀಸರಿಂದಲೇ?

ರಾತ್ರಿಪಾಳಿ (ಪ್ರಶ್ನೆ):
1970ರ ದಶಕದ ಯುರೋಪಿನ ಉಗ್ರ ಎಡಪಂಥೀಯ ಗುಂಪುಗಳ ಕುರಿತ ಸಾಕ್ಷ್ಯಚಿತ್ರ ಸರಣಿಯೊಂದನ್ನು ಟಿವಿಯಲ್ಲಿ ನೋಡುತ್ತಿದ್ದೇನೆ. ಇಟಲಿಯ ಕಂತಿನ ಮುಕ್ಕಾಲು ಪಾಲು ಆಲ್ಡೊ ಮೋರೊ ಅಪಹರಣಕ್ಕೇ ಹೋಯಿತು. 1978ರ ಮಾರ್ಚ್ 16ರಂದು ರೆಡ್ ಬ್ರಿಗೇಡ್ಸ್ ಎಂಬ ಸಶಸ್ತ್ರ ಎಡಪಂಥೀಯ ಗುಂಪಿನವರು ಐವರು ಅಂಗರಕ್ಷಕರನ್ನು ಕೊಂದು ಈ ಮಾಜಿ ಪ್ರಧಾನಿಯನ್ನು ಹೊತ್ತೊಯ್ದರು; 55 ದಿನಗಳ ಬಳಿಕ ರೋಮ್‌ನಲ್ಲಿ ಕಾರಿನ ಡಿಕ್ಕಿಯಲ್ಲಿ ಶವ ಸಿಕ್ಕಿತು. ಆಮೇಲೆ ‘ಪೊಲೀಸರು ಜಾಲ ಭೇದಿಸಿದರು’ ಎಂದು ಹೇಳಿ ಕಥೆ ಮುಗಿಸಿಬಿಟ್ಟರು. ದೇಶವನ್ನೇ ನಡುಗಿಸಿದ ಗುಂಪು ಅಷ್ಟು ಸುಲಭವಾಗಿ ಕುಸಿಯಿತೇ?

ಹಳೆಯ ಸಂಘಟಕ:
ಕಾರ್ಮಿಕ ಸಂಘದಲ್ಲೇ ಕೂದಲು ನರೆತವನು ನಾನು. ಆ ಕಾಲದ ಇಟಲಿ ಎಂದರೆ ನನಗೆ ಮೋರೊಗಿಂತ ಮೊದಲು ನೆನಪಾಗುವುದು ಗ್ವಿದೊ ರೊಸ್ಸಾ. ಜಿನೋವಾದ ಉಕ್ಕಿನ ಕಾರ್ಖಾನೆಯ ಕಾರ್ಮಿಕ, ಸಂಘದ ಪ್ರತಿನಿಧಿ, ಕಮ್ಯುನಿಸ್ಟ್ ಪಕ್ಷದ ಸದಸ್ಯ. ಬ್ರಿಗೇಡ್‌ನ ಕರಪತ್ರಗಳನ್ನು ಕಾರ್ಖಾನೆಯೊಳಗೆ ಹಂಚುತ್ತಿದ್ದ ಸಹೋದ್ಯೋಗಿಯ ವಿರುದ್ಧ 1978ರಲ್ಲಿ ದೂರು ಕೊಟ್ಟ. ಉಳಿದ ಪ್ರತಿನಿಧಿಗಳು ಹಿಂಜರಿದಾಗ ಸಹಿ ಹಾಕಿದವನು ಇವನೊಬ್ಬನೇ. 1979ರ ಜನವರಿ 24ರ ನಸುಕಿನಲ್ಲಿ, ಕೆಲಸಕ್ಕೆ ಹೊರಟವನನ್ನು ಅವನ ಕಾರಿನಲ್ಲೇ ಗುಂಡಿಟ್ಟು ಕೊಂದರು.

ಕಾರ್ಮಿಕರ ಹೆಸರಿನಲ್ಲಿ ಕಾರ್ಮಿಕನನ್ನೇ ಕೊಂದ ಮೇಲೆ ಯಾವ ಕಾರ್ಖಾನೆಯ ಬಾಗಿಲಿಗೆ ಹೋಗಿ ಕರಪತ್ರ ಹಂಚುವುದು? ಅಂತ್ಯಕ್ರಿಯೆಗೆ ಭಾರೀ ಜನ ಸೇರಿದರು, ರಾಷ್ಟ್ರಪತಿ ಪೆರ್ಟಿನಿಯೇ ಬಂದರು. ಅಲ್ಲಿಯವರೆಗೆ ‘ಅವರೂ ಹಾದಿ ತಪ್ಪಿದ ನಮ್ಮವರೇ’ ಎಂದು ಸುಮ್ಮನಿದ್ದವರಿಗೆ ಹಾಗೆ ಹೇಳುವುದು ಕಷ್ಟವಾಯಿತು. ಇದನ್ನು ಬಿಟ್ಟ ಕಂತು, ಕ್ಷಮಿಸಿ, ಬರಿಯ ಪತ್ತೇದಾರಿ ಕಥೆ.

ಕಡತಪ್ರಿಯ:
ಹಿರಿಯರೇ, ಪೊಲೀಸರ ಪಾತ್ರವನ್ನು ಅಷ್ಟು ಕಿರಿದು ಮಾಡಬೇಡಿ. 1980ರಲ್ಲಿ ಸೆರೆಸಿಕ್ಕ ಬ್ರಿಗೇಡ್‌ನ ಮುಖಂಡ ಪಾತ್ರಿತ್ಸಿಯೊ ಪೇಚಿ ಬಾಯಿಬಿಟ್ಟದ್ದೇ ದೊಡ್ಡ ಪೆಟ್ಟು. ಸಹಕರಿಸಿದವರಿಗೆ ಶಿಕ್ಷೆ ಇಳಿಸುವ ಕಾನೂನು ಬಂದ ಮೇಲೆ ಒಬ್ಬರ ಹಿಂದೊಬ್ಬರು ಮಾತನಾಡಿದರು.

ಹಳೆಯ ಸಂಘಟಕ:
ಒಪ್ಪುತ್ತೇನೆ. ಆದರೆ ಹೊರಗೆ ತಮ್ಮನ್ನು ನಂಬುವವರು ಉಳಿದಿದ್ದಾರೆ ಎಂಬ ಭರವಸೆ ಇದ್ದಿದ್ದರೆ ಅಷ್ಟು ಜನ ಬಾಯಿಬಿಡುತ್ತಿದ್ದರೇ?

ರಾತ್ರಿಪಾಳಿ:
ರೊಸ್ಸಾನ ಹೆಸರೇ ಆ ಕಂತಿನಲ್ಲಿ ಬರಲಿಲ್ಲ. 1969ರ ಮಿಲಾನ್ ಬ್ಯಾಂಕ್ ಸ್ಫೋಟವನ್ನೂ ಒಂದೇ ದೃಶ್ಯದಲ್ಲಿ ದಾಟಿಸಿದರು.

ಕಡತಪ್ರಿಯ:
ಅದು ಇನ್ನೂ ದೊಡ್ಡ ಲೋಪ. 17 ಜನ ಸತ್ತ ಆ ಸ್ಫೋಟದ ಹಿಂದೆ ಇದ್ದವರು ನವಫ್ಯಾಸಿಸ್ಟರು, ಅಂದರೆ ಉಗ್ರ ಬಲಪಂಥೀಯರು. ಪೊಲೀಸರು ಮೊದಲು ಹಿಡಿದದ್ದು ಎಡಪಂಥದ ಅರಾಜಕತಾವಾದಿಗಳನ್ನು. ವಿಚಾರಣೆಯ ವೇಳೆ ಅವರಲ್ಲೊಬ್ಬನಾದ ಪಿನೆಲ್ಲಿ ಠಾಣೆಯ ಕಿಟಕಿಯಿಂದ ಬಿದ್ದು ಸತ್ತ. ಎಡಪಂಥದ ಹುಡುಗರು ಬಂದೂಕು ಹಿಡಿದದ್ದೇಕೆ ಎಂದು ಕೇಳುವವರು ಸ್ಫೋಟ ನಡೆದ 1969ರ ಡಿಸೆಂಬರ್‌ನಿಂದಲೇ ಶುರು ಮಾಡಬೇಕು.